ಲಿಫ್ಟ್ ಕೈ ಎತ್ತದಿದ್ದಾಗ: ಹಳೆಯ ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ಸರಿಪಡಿಸುವ ಬಗೆ

ಚಿಂತಾಮಣಿ ಸೀಮೆಯಲ್ಲಿ ರಾಗಿ ಹೊಲ ಹಸನು ಮಾಡುವ ದಿನಗಳಲ್ಲಿ ಟ್ರ್ಯಾಕ್ಟರ್ ಕೆಟ್ಟರೆ ಆಗುವ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ 35 ಎಚ್‌ಪಿ ಗಾಡಿ ಬೆಳಿಗ್ಗೆ ಕಲ್ಟಿವೇಟರನ್ನು ಸಲೀಸಾಗಿ ಎತ್ತುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ತಿಣುಕುತ್ತಾ ಎತ್ತುತ್ತಿತ್ತು. ಮಧ್ಯಾಹ್ನವಾದರೆ ಲಿವರ್ ಎಷ್ಟು ಎಳೆದರೂ ಲಿಫ್ಟ್, ಅಂದರೆ ಆಯಿಲ್ ಒತ್ತಡದಿಂದ ಉಪಕರಣ ಎತ್ತುವ ಹಿಂದಿನ ಕೈಗಳು, ಕದಲುತ್ತಿರಲಿಲ್ಲ. ನೋಡಿದ ಮೊದಲ ಮೆಕ್ಯಾನಿಕ್ "ಪಂಪ್ ಹೋಗಿದೆ" ಎಂದ, ನಾನೂ ತಲೆಯಾಡಿಸಿದೆ. ಪಂಪ್ ಬದಲಾಯಿತು, ಆಯಿಲ್ ಬದಲಾಯಿತು, ಮೂರು ದಿನ ಕಳೆಯಿತು. ಮರುದಿನ ಮಧ್ಯಾಹ್ನ ಅದೇ ಕಥೆ. ಕೊನೆಗೆ ಬಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಪಾನಾ ಮುಟ್ಟುವ ಮೊದಲು ಅರ್ಧ ಗಂಟೆ ಗಾಡಿಯನ್ನು ಸುಮ್ಮನೆ ನೋಡಿದರು, ಕಿವಿಗೊಟ್ಟು ಕೇಳಿದರು. "ಏನಪ್ಪಾ, ಜ್ವರ ಬಂದರೆ ಕಾಲು ಕೊಯ್ಯುತ್ತಾರೆಯೇ?" ಎಂದು ನಕ್ಕರು. ಸಿಕ್ಕಿದ್ದು ಪಂಪಿನಿಂದ ಮೇಲಕ್ಕೆ ಹೋಗುವ ಪೈಪಿನ ಬುಡದಲ್ಲಿ ಹರಿದುಹೋಗಿದ್ದ ಒಂದು ರಬ್ಬರ್ ಉಂಗುರ.

ಆ ಅರ್ಧ ಗಂಟೆಯಲ್ಲಿ ಅವರು ಏನು ನೋಡಿದರು ಎಂಬುದನ್ನೇ ಮುಖ್ಯವಾಗಿ ಇಲ್ಲಿ ಬರೆಯುತ್ತಿದ್ದೇನೆ. ಬಿಚ್ಚುವುದು ಆಮೇಲಿನ ಮಾತು.

ಪಂಪ್ ಎಲ್ಲಿದೆ?

ಗಾಡಿ ಯಾವ ಕಂಪನಿಯದು ಎನ್ನುವುದಕ್ಕಿಂತ ಪಂಪ್ ಎಲ್ಲಿದೆ ಎನ್ನುವುದು ಮುಖ್ಯ. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಪಂಪ್ ಸೀಟಿನ ಕೆಳಗೆ, ಗೇರ್‌ಬಾಕ್ಸಿನ ಹಿಂದೆ, ಆಯಿಲ್‌ನಲ್ಲಿ ಮುಳುಗಿಕೊಂಡೇ ಇರುತ್ತದೆ. ಮ್ಯಾಸ್ಸಿ ಫರ್ಗ್ಯೂಸನ್ ಗಾಡಿಗಳದು ಈ ಜಾತಿ. ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ರೂಪಿಸಿದ ಮೂರು ಕೊಂಡಿಯ ಲಿಫ್ಟ್ 1930ರ ದಶಕದಲ್ಲಿ ಗಾಡಿಗಳಿಗೆ ಬಂತು. ಇವತ್ತಿಗೂ ನಮ್ಮ ಹೊಲಗಳಲ್ಲಿ ಓಡುವ ಎಲ್ಲ ಕಂಪನಿಯ ಟ್ರ್ಯಾಕ್ಟರ್‌ಗಳ ಹಿಂದಿನ ಮೂರು ಕೊಂಡಿಗಳು ಆ ಮನುಷ್ಯನ ಋಣದಲ್ಲಿವೆ. ಈ ಜಾತಿಯಲ್ಲಿ ಗೇರ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್, ಸುಮಾರು 30 ಲೀಟರ್. ಪಂಪ್ ತಿರುಗುವುದು ಪಿಟಿಒ ಶಾಫ್ಟಿನಿಂದ, ಅಂದರೆ ಎಂಜಿನ್ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಒಯ್ಯುವ ಶಾಫ್ಟಿನಿಂದ.

ಎರಡನೆಯ ಜಾತಿಯಲ್ಲಿ ಗೇರ್ ಪಂಪ್ ಹೊರಗಡೆ, ಸಾಮಾನ್ಯವಾಗಿ ಎಂಜಿನ್ ಪಕ್ಕದಲ್ಲಿ ಕೂತಿರುತ್ತದೆ. ಒಂದು ದಪ್ಪ ಪೈಪ್ ಆಯಿಲ್ ಹೀರಿ ತರುತ್ತದೆ, ಸಣ್ಣ ಉಕ್ಕಿನ ಪೈಪ್ ಒತ್ತಡದ ಆಯಿಲನ್ನು ಹಿಂದಕ್ಕೆ ಒಯ್ಯುತ್ತದೆ. ಹೊರಗಿನ ಪಂಪಿನ ಗಾಡಿಯವರಿಗೆ ಒಂದು ಅನುಕೂಲ, ಪಂಪ್ ಬಿಚ್ಚಲು ಗಾಡಿಯ ಬೆನ್ನು ತೆರೆಯಬೇಕಾಗಿಲ್ಲ. ಒಂದು ತೊಂದರೆಯೂ ಇದೆ, ಹೀರುವ ಪೈಪಿನ ಕ್ಲಿಪ್ ಕೊಂಚ ಸಡಿಲವಾದರೂ ಪಂಪ್ ಗಾಳಿ ಹೀರುತ್ತದೆ. ಆಯಿಲ್ ಹೊರಗೆ ತೊಟ್ಟಿಕ್ಕದೆ ಇರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತಿರುತ್ತದೆ. ಅಲ್ಲಿ ಕ್ಲಿಪ್ ಬಿಗಿ ಮಾಡಿದರೆ ಎಷ್ಟೋ ಗಾಡಿಗಳು ಸರಿಹೋಗುತ್ತವೆ.

ಪಾನಾ ಹಿಡಿಯುವ ಮೊದಲು

ಲಿಫ್ಟ್ ದುರ್ಬಲ ಎಂದು ತೀರ್ಮಾನಿಸುವ ಮೊದಲು ಅದಕ್ಕೆ ಹೊರಿಸಿದ ಭಾರವನ್ನು ನೋಡಿ. 35 ಎಚ್‌ಪಿಯ ಮ್ಯಾಸ್ಸಿ 1035ಕ್ಕೆ ಕಂಪನಿ ಹೇಳುವ ಎತ್ತುವ ಶಕ್ತಿ 1,100 ಕೆಜಿ. ಆದರೆ ಅದು ಕೆಳಗಿನ ಕೊಂಡಿಗಳ ತುದಿಯಲ್ಲಿ ಅಳೆದ ಲೆಕ್ಕ. ಉಪಕರಣದ ಭಾರ ಹಿಂದಕ್ಕೆ ಚಾಚಿದಷ್ಟೂ ಎತ್ತುವ ಶಕ್ತಿ ಕಡಿಮೆಯಾಗುತ್ತದೆ. ಒಂಬತ್ತು ಹಲ್ಲಿನ ಕಲ್ಟಿವೇಟರ್ ಎತ್ತಿಕೊಂಡು ಓಡಾಡುತ್ತಿದ್ದ ಗಾಡಿಗೆ ದೊಡ್ಡ ರೋಟವೇಟರ್ ಕಟ್ಟಿ, ಅದರ ಮೇಲೆ ಕೆಸರು ಮೆತ್ತಿಸಿ, ಕಲ್ಲೊಂದನ್ನೂ ಇಟ್ಟು "ಎತ್ತುತ್ತಿಲ್ಲ" ಎಂದು ಬೈದರೆ ಪಾಪ ಅದೇನು ಮಾಡೀತು? ಎತ್ತುವಾಗ ಮುಂದಿನ ಚಕ್ರಗಳು ನೆಲ ಬಿಡುತ್ತಿದ್ದರೆ ನಿಮ್ಮ ಹೈಡ್ರಾಲಿಕ್ ಗಟ್ಟಿಮುಟ್ಟಾಗಿದೆ ಎಂದೇ ಅರ್ಥ. ಬೇಕಾಗಿರುವುದು ಮುಂದೆ ತೂಕ, ರಿಪೇರಿ ಅಲ್ಲ.

ಆಮೇಲೆ ಲಿವರ್‌ಗಳು. ಸೀಟಿನ ಬಲಗಡೆ ಎರಡು ಲಿವರ್ ಇರುವ ಗಾಡಿಯಲ್ಲಿ ಒಂದು ಉಪಕರಣದ ಎತ್ತರಕ್ಕೆ, ಇನ್ನೊಂದು ಉಳುವಾಗಿನ ಎಳೆತಕ್ಕೆ. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಾಗ ಟಾಪ್ ಲಿಂಕ್ (ಮೂರು ಕೊಂಡಿಗಳಲ್ಲಿ ಮೇಲಿನದು) ಮುಂದಕ್ಕೆ ಒತ್ತುತ್ತದೆ, ಅದರ ಹಿಂದಿನ ದಪ್ಪ ಸ್ಪ್ರಿಂಗ್ ಅದುಮುತ್ತದೆ, ಆಗ ಲಿಫ್ಟ್ ತಾನಾಗಿ ನೇಗಿಲನ್ನು ಸ್ವಲ್ಪ ಮೇಲೆತ್ತುತ್ತದೆ. ಇದು ಎರಡನೆಯ ಲಿವರಿನ ಕೆಲಸ. ಅದರ ಉಪಯೋಗ ತಿಳಿಯದ ಚಾಲಕರು ಅದನ್ನು ಎಲ್ಲೋ ಒಂದು ಕಡೆ ತಳ್ಳಿ, ಕೆಲವರು ತಂತಿಯಲ್ಲಿ ಕಟ್ಟಿಯೂ ಬಿಟ್ಟಿರುತ್ತಾರೆ. ಎರಡೂ ಲಿವರ್‌ಗಳನ್ನು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ತೋರಿಸಿದ ಜಾಗದಲ್ಲಿಟ್ಟು ಇನ್ನೊಮ್ಮೆ ಎತ್ತಿ ನೋಡಿ. ಇಳಿಯುವ ವೇಗ ಹೊಂದಿಸುವ ತಿರುಪು ಇದ್ದರೆ ಅದನ್ನೂ ನೋಡಿ. ಪಿಟಿಒ ಲಿವರ್ ಹಾಕದಿದ್ದರೆ ಪಂಪ್ ತಿರುಗದ ಹಳೆಯ ಗಾಡಿಗಳೂ ಇವೆ. ಈ ಒಂದು ಕಾರಣಕ್ಕೆ ಮೆಕ್ಯಾನಿಕ್ ಕರೆಸಿ ತಲೆ ತಗ್ಗಿಸಿ ನಿಂತವರನ್ನು ನಾನು ಕಂಡಿದ್ದೇನೆ.

ಟ್ರಾಲಿ ಎತ್ತಲು ಹೊರಗೆ ಪೈಪ್ ಕೊಟ್ಟಿದ್ದರೆ ಅದರ ವಾಲ್ವ್ ಪೂರ್ತಿ ಮುಚ್ಚಿದೆಯೇ ಪರೀಕ್ಷಿಸಿ. ಅರ್ಧ ತೆರೆದಿದ್ದರೆ ಲಿಫ್ಟಿಗೆ ಹೋಗಬೇಕಾದ ಆಯಿಲ್ ಅತ್ತ ಓಡುತ್ತದೆ.

ಆಯಿಲ್ ಹೇಳುವ ಕಥೆ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಲಿಫ್ಟ್ ಪೂರ್ತಿ ಇಳಿಸಿ, ಹತ್ತು ನಿಮಿಷ ಬಿಟ್ಟು ಅಳತೆ ಕಡ್ಡಿ ತೆಗೆಯಿರಿ. ಮಟ್ಟ ಕಡಿಮೆಯಿದ್ದರೆ ಮಟ್ಟಸವಾದ ಹೊಲದಲ್ಲಿ ಕೆಲಸ ನಡೆದೀತು, ಬೆಟ್ಟದ ಬುಡದ ಇಳಿಜಾರು ಹೊಲಗಳಲ್ಲಿ ಆಯಿಲ್ ಒಂದು ಕಡೆ ಸರಿದು ಪಂಪ್ ಗಾಳಿ ನುಂಗುತ್ತದೆ. ಟ್ರಾಲಿಯ ಜ್ಯಾಕ್ ತುಂಬಲು ಹೋದ ಆಯಿಲ್ ಎಲ್ಲವೂ ವಾಪಸ್ ಬರುವುದಿಲ್ಲ ಎಂಬುದೂ ನೆನಪಿರಲಿ. ಅಕ್ಕಪಕ್ಕದವರ ಟ್ರಾಲಿಗಳನ್ನು ಬದಲಾಯಿಸಿ ಗೊಬ್ಬರ ಹೊಡೆಯುವ ಊರುಗಳಲ್ಲಿ ಒಂದು ಗಾಡಿಯ ಕೆಟ್ಟ ಆಯಿಲ್ ಊರ ಗಾಡಿಗಳಿಗೆಲ್ಲ ಹರಡುತ್ತದೆ. ಜೋಡಿಸುವ ಮೂತಿಯಲ್ಲಿ ಅಂಟಿದ ಕೆಮ್ಮಣ್ಣು ನೇರ ಒಳಗೆ. ಒರೆಸಿ ಜೋಡಿಸಿ, ಬಿಚ್ಚಿದ ಮೇಲೆ ಮುಚ್ಚಳ ಹಾಕಿ.

ಬಣ್ಣ ನೋಡಿ. ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿರಬೇಕು, ಇಲ್ಲವೇ ಗಾಳಿ. ಮಳೆಯಲ್ಲಿ ಬಯಲಲ್ಲೇ ನಿಂತ ಗಾಡಿಗೆ ಗೇರ್ ಲಿವರಿನ ಹರಿದ ರಬ್ಬರ್ ಟೋಪಿಯಿಂದ ನೀರು ಇಳಿಯುವುದು ತೀರಾ ಸಾಮಾನ್ಯ. ಸ್ವಲ್ಪ ಆಯಿಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಡಿ. ಬೆಳಿಗ್ಗೆ ಬಾಟಲಿ ತಿಳಿಯಾದರೆ ಇದ್ದದ್ದು ಗಾಳಿಯ ನೊರೆ. ಬೆಳ್ಳಗೇ ಉಳಿದರೆ ಅಥವಾ ತಳದಲ್ಲಿ ನೀರು ನಿಂತರೆ ಎಲ್ಲ ಆಯಿಲ್ ಬದಲಿಸಬೇಕು. ಸುಟ್ಟ ಎಂಜಿನ್ ಆಯಿಲ್ ಸುರಿಯುವ ಕೆಟ್ಟ ಚಾಳಿ ನಮ್ಮಲ್ಲಿದೆ. ಅದರಲ್ಲಿರುವ ಮಸಿ, ಲೋಹದ ಪುಡಿ ಪಂಪಿನ ಮತ್ತು ವಾಲ್ವಿನ ನುಣುಪನ್ನು ಎಮರಿ ಕಾಗದದಂತೆ ಉಜ್ಜುತ್ತವೆ. ಪುಸ್ತಕ ಯಾವ ದರ್ಜೆ ಹೇಳುತ್ತದೋ ಅದನ್ನೇ ಹಾಕಿ.

ಬದಲಿಸುವಾಗ ಗಾಡಿ ಬೆಚ್ಚಗಿರಲಿ. ಆಗ ಕೊಳೆ ಆಯಿಲ್ ಜೊತೆಗೇ ಇಳಿಯುತ್ತದೆ. ಪಂಪಿನ ಹೀರುವ ಬಾಯಿಗೆ ಇರುವ ಜಾಲರಿಯನ್ನೂ ಅದೇ ದಿನ ತೊಳೆಯಿರಿ. ಹೊಸ ಆಯಿಲ್ ಹಾಕಿ ಹಳೆಯ ಜಾಲರಿ ಬಿಟ್ಟರೆ ಹೊಸ ನೀರನ್ನು ಪಾಚಿ ಕಟ್ಟಿದ ಕೊಡಕ್ಕೆ ತುಂಬಿದಂತೆ.

ಮೂರು ಪರೀಕ್ಷೆ

ಇಲ್ಲಿಂದ ಮುಂದೆ ಒಂದು ಕಟ್ಟುನಿಟ್ಟು. ಎತ್ತಿದ ಉಪಕರಣದ ಕೆಳಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು. ಹೋಗಲೇಬೇಕಿದ್ದರೆ ಗಟ್ಟಿ ಮರದ ದಿಮ್ಮಿ ಕೊಟ್ಟು ಭಾರವನ್ನು ಅದರ ಮೇಲೆ ಇಳಿಸಿ. ತೂಕಕ್ಕೆಂದು ಲಿಫ್ಟಿನ ಮೇಲೆ ಆಳುಗಳನ್ನು ನಿಲ್ಲಿಸಿ ಪರೀಕ್ಷಿಸುವುದು ಬೇಡವೇ ಬೇಡ.

ಮೊದಲನೆಯದು, ಎತ್ತಿ ಬಿಡುವುದು. ಕಲ್ಟಿವೇಟರ್ ಕಟ್ಟಿ ಪೂರ್ತಿ ಎತ್ತಿ, ಎಂಜಿನ್ ನಿಲ್ಲಿಸಿ. ಉಪಕರಣದ ಹಿಂದೆ ನೆಟ್ಟ ಕೋಲಿನ ಮೇಲೆ ಸುಣ್ಣದಿಂದ ಗುರುತು ಹಾಕಿ ದೂರ ನಿಂತು ಗಡಿಯಾರ ನೋಡಿ. ಅರ್ಧ ಗಂಟೆಯಲ್ಲಿ ಒಂದೆರಡು ಇಂಚು ಇಳಿದರೆ ಹಳೆಯ ಗಾಡಿಗೆ ಕ್ಷಮಿಸಬಹುದು. ನೀವು ಸೀಟಿನಿಂದ ಇಳಿದು ಹಿಂದೆ ಬರುವಷ್ಟರಲ್ಲಿ ನೆಲ ಮುಟ್ಟಿದ್ದರೆ ಒತ್ತಡದ ಆಯಿಲ್ ಎಲ್ಲೋ ಸೋರುತ್ತಿದೆ. ಎತ್ತುವುದು ನಿಧಾನ, ಆದರೆ ಎತ್ತಿದ್ದು ಕಲ್ಲಿನಂತೆ ನಿಲ್ಲುತ್ತದೆ ಎಂದಾದರೆ ಸಿಲಿಂಡರನ್ನು (ಆಯಿಲ್ ಒತ್ತಡ ಪಿಸ್ಟನ್ ತಳ್ಳಿ ಲಿಫ್ಟ್ ಎತ್ತುವ ಭಾಗ) ಬಿಟ್ಟು ಪಂಪಿಗೆ ಆಯಿಲ್ ಬರುವ ದಾರಿಯನ್ನು ಅನುಮಾನಿಸಿ: ಕಟ್ಟಿದ ಜಾಲರಿ, ಗಾಳಿ, ಪೂರ್ತಿ ತೆರೆಯದ ಕಂಟ್ರೋಲ್ ವಾಲ್ವ್. ಹೊರಗಿನ ಗೇರ್ ಪಂಪಿನ ಗಾಡಿಯಲ್ಲಾದರೆ ಸವೆದ ಪಂಪ್ ಮತ್ತು ರಿಲೀಫ್ ವಾಲ್ವನ್ನೂ (ಒತ್ತಡ ಮಿತಿ ಮೀರಿದಾಗ ತೆರೆದು ಆಯಿಲ್ ಬಿಡುವ ವಾಲ್ವ್) ಈ ಪಟ್ಟಿಗೆ ಸೇರಿಸಿ. ಅಲ್ಲಿ ಸಿಲಿಂಡರಿನ ಆಯಿಲನ್ನು ಹಿಡಿದಿಡುವ ವಾಲ್ವ್ ಬೇರೆ ಇರುವುದರಿಂದ ರಿಲೀಫ್ ವಾಲ್ವ್ ಸೋರಿದರೂ ಎತ್ತಿದ್ದು ನಿಲ್ಲುತ್ತದೆ. ಒಳಗಿನ ಪಂಪಿನ ಗಾಡಿಯಲ್ಲಿ ಹಾಗಲ್ಲ. ರಿಲೀಫ್ ವಾಲ್ವ್ ಸೋರಿದರೂ ಉಪಕರಣ ಇಳಿಯುತ್ತದೆ.

ಎರಡನೆಯದು, ತಲೆದೂಗುವುದು. ಎಂಜಿನ್ ಓಡುತ್ತಿರಲಿ, ಲಿಫ್ಟ್ ಮೇಲಿರಲಿ, ಲಿವರ್ ಮುಟ್ಟಬೇಡಿ. ಲಿಫ್ಟಿನ ಕೈಗಳು ಕೆಲವು ಸೆಕೆಂಡಿಗೊಮ್ಮೆ ತುಸು ಇಳಿದು ಥಟ್ಟನೆ ಏರುತ್ತಿದ್ದರೆ, ಕೋಲೆ ಬಸವ ತಲೆಯಾಡಿಸಿದ ಹಾಗೆ, ಅದು ಸೋರಿಕೆಯ ಖಚಿತ ಲಕ್ಷಣ. ಸೋರಿದ್ದನ್ನು ಪಂಪ್ ಮತ್ತೆ ಮತ್ತೆ ತುಂಬುತ್ತಿದೆ. ಅಂದರೆ ಪಂಪ್ ಬದುಕಿದೆ! ನಮ್ಮ ಗಾಡಿ ಮಧ್ಯಾಹ್ನದ ಮೊದಲೆಲ್ಲ ಹೀಗೆ ತಲೆದೂಗುತ್ತಿತ್ತು. ನಾನು ಅದನ್ನು ಕಂಡೂ ಪಂಪ್ ಬದಲಿಸಲು ಒಪ್ಪಿದೆ.

ಮೂರನೆಯದು, ಬಿಸಿ ಮತ್ತು ತಂಪು. ತಂಪಾಗಿದ್ದಾಗ ಆಯಿಲ್ ಮಂದ, ಸಣ್ಣ ಸಂದಿಯಿಂದ ಬೇಗ ನುಸುಳದು. ಬಿಸಿಯಾಗಿ ತೆಳುವಾದಂತೆ ಸೋರಿಕೆ ಹೆಚ್ಚುತ್ತದೆ. ಬೆಳಿಗ್ಗೆ ಶೂರ, ಮಧ್ಯಾಹ್ನ ಸುಸ್ತು ಎಂದರೆ ಸವೆತ ಅಥವಾ ಸೋರಿಕೆ. ಬೆಳಿಗ್ಗೆಯೇ ನಿಧಾನ, ಬಿಸಿಯಾದ ಮೇಲೆ ಚುರುಕು ಎಂದರೆ ಹೀರುವ ದಾರಿ ಕಟ್ಟಿದೆ ಅಥವಾ ಆಯಿಲ್ ಬೇಕಾದ್ದಕ್ಕಿಂತ ಗಟ್ಟಿ.

ಇನ್ನು ಕಿವಿಯ ಕೆಲಸ. ಎಂಜಿನ್ ನಿಧಾನ ಓಡುತ್ತಿರುವಾಗ ಭಾರ ಎತ್ತಿದರೆ ಅದರ ದನಿ ಒಂದು ಕ್ಷಣ ಕುಗ್ಗಬೇಕು. ಪಂಪ್ ದುಡಿಯುತ್ತಿದೆ ಎನ್ನುವುದಕ್ಕೆ ಅದು ಸಾಕ್ಷಿ. ದನಿ ಕುಗ್ಗಿ, ಒಳಗಿನಿಂದ ಕಿರ್ರೆಂಬ ಸದ್ದು ಬಂದು, ಭಾರ ಏಳದಿದ್ದರೆ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತಿದೆ: ಭಾರ ಹೆಚ್ಚಿರಬೇಕು, ಇಲ್ಲವೇ ವಾಲ್ವಿನ ಸ್ಪ್ರಿಂಗ್ ಸೋತಿರಬೇಕು. ದನಿಯೂ ಕುಗ್ಗದು, ಸದ್ದೂ ಇಲ್ಲ ಎಂದರೆ ಪಂಪಿಗೆ ಆಯಿಲ್ ಸಿಗುತ್ತಿಲ್ಲ, ಅಥವಾ ಪಿಟಿಒ ಕ್ಲಚ್ ಜಾರುತ್ತಿದೆ.

ಒತ್ತಡ ಅಳೆಯುವುದು

ಮೇಲಿನ ಮುಚ್ಚಳದ ಹತ್ತಿರ ಒತ್ತಡದ ದಾರಿಗೆ ಒಂದು ಪ್ಲಗ್ ಇರುತ್ತದೆ. ಲಿಫ್ಟ್ ಇಳಿಸಿ, ಎಂಜಿನ್ ನಿಲ್ಲಿಸಿ, ಆ ಪ್ಲಗ್ ತೆಗೆದು 350 ಬಾರ್‌ವರೆಗೆ ತೋರಿಸುವ ಮೀಟರ್ ಕೂರಿಸಿ. ಹಳೆಯ ಮ್ಯಾಸ್ಸಿ 35ರ ಜಾತಿಗೆ ಸುಮಾರು 2,500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್), ಅಂದರೆ 170 ಬಾರ್ ಆಸುಪಾಸು ಬರಬೇಕು. ಉಳಿದವಕ್ಕೆ ಪುಸ್ತಕದ ಅಂಕಿಯೇ ಪ್ರಮಾಣ. ಆಯಿಲ್ ಬಿಸಿಯಿರುವಾಗ ಅಳೆಯಿರಿ, ತಂಪಿನ ಅಳತೆಗೆ ಬೆಲೆಯಿಲ್ಲ. ಮುಳ್ಳು ಸರಿಯಾದ ಅಂಕಿಗೆ ಏರಿ, ಎಂಜಿನ್ ನಿಲ್ಲಿಸಿದ ಕೂಡಲೇ ಬಿದ್ದರೆ ಸೋರಿಕೆ. ಸರಿಯಾದ ಅಂಕಿಗಿಂತ ಕೆಳಗೇ ನಿಂತು ಅಲುಗದಿದ್ದರೆ ರಿಲೀಫ್ ವಾಲ್ವ್. ಎಂಜಿನ್ ವೇಗ ಹೆಚ್ಚಿಸಿದಷ್ಟೂ ಏರಿ, ಇಳಿಸಿದಷ್ಟೂ ಇಳಿದರೆ ಸವೆದ ಪಂಪ್ ಅಥವಾ ದೊಡ್ಡ ಸೋರಿಕೆ.

ಈ ಒತ್ತಡದ ಅಂದಾಜು ಬೇಕೆಂದರೆ ಲೆಕ್ಕ ಹಾಕಿ: ಎರಡೂವರೆ ಇಂಚು ವ್ಯಾಸದ ಪಿಸ್ಟನ್ ಮೇಲೆ 2,500 ಪಿಎಸ್‌ಐ ಬಿದ್ದರೆ ಐದೂವರೆ ಟನ್ನಿನಷ್ಟು ತಳ್ಳು. ಇದೇ ಆಯಿಲ್ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೊಳ್ಳೆ ಕಚ್ಚಿದಂತೆ ಕಾಣುತ್ತದೆ, ಕೆಲವು ಗಂಟೆಗಳಲ್ಲಿ ಬೆರಳು ಕಳೆದುಕೊಳ್ಳುವ ಸ್ಥಿತಿ ಬರುತ್ತದೆ. ಸೋರಿಕೆ ಹುಡುಕಲು ಬೆರಳಿನ ಬದಲು ರಟ್ಟಿನ ತುಂಡು ಬಳಸಿ. ಚಿಮ್ಮಿದ ಆಯಿಲ್ ಚರ್ಮದೊಳಗೆ ಹೋದರೆ ಅರಿಶಿನ ಹಚ್ಚಿ ಕೂರದೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಹೋಗಿ.

ಒಳಗಿನ ಪಂಪಿನ ಗಾಡಿಯಲ್ಲಿ ಇನ್ನೊಂದು ಉಪಾಯವಿದೆ, ಆ ಹಿರಿಯರು ಮಾಡಿದ್ದು ಇದನ್ನೇ. ಬದಿಯ ಮುಚ್ಚಳದ ಮಟ್ಟಕ್ಕಿಂತ ಕೆಳಗಾಗುವಷ್ಟು ಆಯಿಲ್ ಇಳಿಸಿ ಮುಚ್ಚಳ ಬಿಚ್ಚಿದರು. ಪಂಪ್ ಇನ್ನೂ ಮುಳುಗಿಯೇ ಇತ್ತು. ಎಂಜಿನ್ ನಿಧಾನಕ್ಕೆ ಓಡಿಸಿ, ಭಾರ ಎತ್ತಿಸಿ, ದೂರದಿಂದ ಟಾರ್ಚ್ ಬಿಟ್ಟು ನೋಡಿದರು. ನೆಟ್ಟಗೆ ನಿಂತ ಪೈಪಿನ ಬುಡದಿಂದ ಆಯಿಲ್ ಛತ್ರಿಯಂತೆ ಚಿಮ್ಮುತ್ತಿತ್ತು. ಸಿಲಿಂಡರಿನ ಬಾಯಿಯಿಂದ ಸುರಿದಿದ್ದರೆ ಪಿಸ್ಟನ್ ಉಂಗುರ, ರಿಲೀಫ್ ವಾಲ್ವಿನಿಂದ ಬಂದಿದ್ದರೆ ಅದು. ಎಲ್ಲಿಯೂ ಕಾಣದಿದ್ದರೆ ಆಗ ಪಂಪಿನ ಮೇಲೆ ಅನುಮಾನ. ಒಳಗೆ ಶಾಫ್ಟ್ ತಿರುಗುತ್ತಿರುತ್ತದೆ. ಪಂಚೆ, ಟವೆಲ್ಲು, ಸಡಿಲ ತೋಳು ಇದ್ದವರು ಹತ್ತಿರ ಬರಬಾರದು, ಕಣ್ಣಿಗೆ ಕನ್ನಡಕ ಬೇಕು.

ಬೆನ್ನು ತೆರೆಯುವುದು

ಸಿಲಿಂಡರ್ ಎಂದು ಖಚಿತವಾದರೆ ಲಿಫ್ಟಿನ ಮೇಲಿನ ಮುಚ್ಚಳ ತೆಗೆಯಬೇಕು. ಅರ್ಧ ದಿನದ ಕೆಲಸ, ಇಬ್ಬರು ಬೇಕು. ಸುತ್ತಲಿನ ಮಣ್ಣನ್ನು ಮೊದಲು ಡೀಸೆಲ್ ಹಚ್ಚಿ ತೊಳೆಯಿರಿ. ಕೋಲಾರ, ಚಿಕ್ಕಬಳ್ಳಾಪುರದ ಕೆಂಧೂಳು ಒಂದು ಚಿಟಿಕೆ ಒಳಗೆ ಬಿದ್ದರೂ ಮಾಡಿದ ಕೆಲಸ ಹಾಳು. ಉಪಕರಣ ಕಳಚಿ, ಲಿಫ್ಟ್ ಇಳಿಸಿ, ಸೀಟು ತೆಗೆಯಿರಿ. ನೆಟ್ಟಗಿನ ಪೈಪಿನ ಮೇಲಿರುವ ಟೋಪಿಯನ್ನೂ ಪೈಪನ್ನೂ ಮೊದಲೇ ಎಳೆದು ತೆಗೆಯಬೇಕು. ಇದನ್ನು ಮರೆತು ಮುಚ್ಚಳ ಎತ್ತಿದವರು ಪೈಪ್ ಬಗ್ಗಿಸಿಕೊಂಡಿದ್ದಾರೆ. ಎಷ್ಟೋ ಸಲ ಈ ಪೈಪಿನ ಓ-ರಿಂಗ್‌ಗಳೇ, ಅಂದರೆ ರಬ್ಬರ್ ಉಂಗುರಗಳೇ, ಅಪರಾಧಿಗಳು. ಅವನ್ನು ಬದಲಿಸಿ ನೋಡಿದ ಮೇಲೆ ಬೇಕಿದ್ದರೆ ಮುಂದೆ ಹೋಗಿ.

ಮುಚ್ಚಳ ಭಾರ. ಬೇವಿನ ಕೊಂಬೆಗೆ ಹಗ್ಗ ಕಟ್ಟಿ ಎತ್ತುವ ಸಾಹಸ ಬೇಡ, ಚೈನ್ ಪುಲ್ಲಿ ತನ್ನಿ. ಬೋಲ್ಟುಗಳ ಉದ್ದ ಬೇರೆ ಬೇರೆ ಇರಬಹುದು, ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದು ಅದೇ ಜಾಗದಲ್ಲಿ ಚುಚ್ಚಿಡಿ. ನೇರ ಮೇಲಕ್ಕೆ ಎತ್ತಿ. ಓರೆಯಾದರೆ ಒಳಗಿನ ಲಿವರ್‌ಗಳು ಬಾಗುತ್ತವೆ. ಎತ್ತುವ ಮೊದಲು ಬದಿಯ ಕಿಂಡಿಯಿಂದ ಟಾರ್ಚ್ ಬಿಟ್ಟು, ಪಂಪಿನ ಕಂಟ್ರೋಲ್ ಲಿವರ್ ಮುಚ್ಚಳದ ಕೊಂಡಿಗಳ ನಡುವೆ ಹೇಗೆ ಕೂತಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮತ್ತೆ ಕೂರಿಸುವಾಗ ಅದು ಅದೇ ಜಾಗಕ್ಕೆ ಹೋಗದಿದ್ದರೆ ಲಿಫ್ಟ್ ಒಂದೋ ಏಳುವುದೇ ಇಲ್ಲ, ಇಲ್ಲವೇ ಏರಿದ್ದು ಇಳಿಯುವುದೇ ಇಲ್ಲ. ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದವರೆಲ್ಲ ಎಡವಿದ್ದು ಇಲ್ಲಿಯೇ.

ಸಿಲಿಂಡರ್ ಮುಚ್ಚಳದ ಕೆಳಭಾಗಕ್ಕೆ ನಟ್ಟುಗಳಲ್ಲಿ ಕೂತಿರುತ್ತದೆ. ಪಿಸ್ಟನ್ ಹೊರತೆಗೆಯಲು ಕಂಪ್ರೆಸರ್ ಗಾಳಿ ಬಿಟ್ಟರೆ ಅದು ಗುಂಡಿನಂತೆ ಹಾರುತ್ತದೆ. ಬಾಯಿಯನ್ನು ಮರದ ಹಲಗೆಯ ಕಡೆ ತಿರುಗಿಸಿ ಗಾಳಿಯನ್ನು ತೀರಾ ನಿಧಾನ ಬಿಡಿ, ಇಲ್ಲವೇ ಸೈಕಲ್ ಪಂಪೇ ಸಾಕು. ಒಳಮೈಯನ್ನು ಉಗುರಿನಿಂದ ಸವರಿ. ಉಗುರಿಗೆ ಗೀರು ಸಿಕ್ಕಿದರೆ ಉಂಗುರ ಬದಲಿಸಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಬೇಕು. ಕಣ್ಣಿಗೆ ಕಂಡರೂ ಉಗುರಿಗೆ ಸಿಗದ ಗೆರೆಗಳಿಗೆ ಹೆದರಬೇಡಿ.

ತೀರಾ ಹಳೆಯ ಗಾಡಿಗಳಲ್ಲಿ ಬೀಡುಕಬ್ಬಿಣದ ಉಂಗುರಗಳು, ಆಮೇಲಿನವುಗಳಲ್ಲಿ ರಬ್ಬರ್ ಓ-ರಿಂಗ್ ಮತ್ತು ಅದರ ಪಕ್ಕಕ್ಕೆ ಒಂದು ಚಪ್ಪಟೆ ಆಸರೆ ಬಳೆ. ಈ ಬಳೆ ಯಾವ ಬದಿಗೆ ಎಂಬಲ್ಲಿ ತಪ್ಪುವವರೇ ಹೆಚ್ಚು. ಒತ್ತಡ ಬರುವ ಕಡೆ ರಬ್ಬರ್ ಇರಬೇಕು, ಬಳೆ ಅದರ ಬೆನ್ನಿಗೆ. ತಿರುಗುಮುರುಗಾದರೆ ಒತ್ತಡ ರಬ್ಬರನ್ನು ಸಂದಿಗೆ ನೂಕಿ ಕೆಲವೇ ದಿನಗಳಲ್ಲಿ ಕತ್ತರಿಸುತ್ತದೆ. ಉಂಗುರ ಕೊಳ್ಳಲು ಹಳೆಯದನ್ನೇ ಮಾದರಿಯಾಗಿ ಒಯ್ದರೆ ಸಾಲದು. ಅದು ಉಬ್ಬಿ ಅಥವಾ ಸವೆದು ಅಳತೆ ತಪ್ಪಿರುತ್ತದೆ. ಪಾರ್ಟ್ ನಂಬರ್ ಹೇಳಿ, ಇಲ್ಲವೇ ಅದು ಕೂರುವ ಕಾಲುವೆಯ ಅಳತೆ ಒಯ್ಯಿರಿ. ನೀರಿನ ಪೈಪಿನ ವಾಷರ್ ಆಯಿಲ್‌ಗೆ ಆಗದು. ಎಚ್‌ಎಂಟಿ ಗಾಡಿಯವರಿಗೆ ಈ ಮಾತು ಇನ್ನೂ ಮುಖ್ಯ. ತುಮಕೂರಿನಲ್ಲಿ ಎಚ್‌ಎಂಟಿ ಎಂದರೆ ಕೈಗಡಿಯಾರ, ಹೊಲದಲ್ಲಿ ಎಚ್‌ಎಂಟಿ ಎಂದರೆ ಹರಿಯಾಣದ ಪಿಂಜೋರಿನಿಂದ ಬಂದ ಟ್ರ್ಯಾಕ್ಟರ್. ಆ ಟ್ರ್ಯಾಕ್ಟರ್ ಈಗ ತಯಾರಾಗುವುದಿಲ್ಲ, ಹಾಗಾಗಿ ಬಿಡಿಭಾಗವನ್ನು ಅಳತೆ ಹಿಡಿದೇ ಹುಡುಕಬೇಕು.

ಹೊಸ ಓ-ರಿಂಗನ್ನು ಆಯಿಲ್‌ನಲ್ಲಿ ಅದ್ದಿ, ಚೂಪು ಅಂಚುಗಳ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ಜಾರಿಸಿ. ಸಿಲಿಂಡರ್ ಮತ್ತು ಮುಚ್ಚಳದ ನಡುವಿನ ಗ್ಯಾಸ್ಕೆಟ್, ಪೈಪಿನ ಉಂಗುರಗಳು, ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಬೆನ್ನು ತೆರೆದ ಮೇಲೆ ಸಣ್ಣ ವಾಷರ್ ಉಳಿಸುವ ಜಿಪುಣತನ ಬೇಡ.

ರಿಲೀಫ್ ವಾಲ್ವ್ ಸೋತಿದ್ದರೆ ಹೊಸದು ಹಾಕಿ. ಅದರ ಸ್ಪ್ರಿಂಗ್ ಹಿಂದೆ ಒಂದು ವಾಷರ್ ತುರುಕಿ "ಪವರ್ ಹೆಚ್ಚಿಸಿದ್ದೇನೆ" ಎನ್ನುವವರನ್ನು ಗಾಡಿಯ ಹತ್ತಿರ ಸೇರಿಸಬೇಡಿ. ಸಿಲಿಂಡರ್ ಅಥವಾ ಮುಚ್ಚಳ ಬಿರುಕು ಬಿಟ್ಟ ದಿನ ಆ ವಾಷರಿನ ಬೆಲೆ ತಿಳಿಯುತ್ತದೆ.

ಪಂಪ್ ಬಿಚ್ಚಿ ಕೂಡಿಸುವುದನ್ನು ನಾನು ಇಲ್ಲಿ ವಿವರಿಸುವುದಿಲ್ಲ. ಅದರ ವಾಲ್ವ್ ಮತ್ತು ಪಿಸ್ಟನ್‌ಗಳ ನಡುವಿನ ಸಂದು ಕೂದಲಿಗಿಂತ ಸಣ್ಣದು. ಕೊಟ್ಟಿಗೆಯಲ್ಲಿ ಕೂತು ಮಾಡುವ ಕೆಲಸ ಅದಲ್ಲ.

ಕೂಡಿಸಿದ ಮೇಲೆ

ಆಯಿಲ್ ತುಂಬಿ, ಎಂಜಿನ್ ಅತಿ ನಿಧಾನ ವೇಗದಲ್ಲಿ ಐದು ನಿಮಿಷ ಓಡಲಿ. ಬರಿಗೈಯ ಲಿಫ್ಟನ್ನು ಹತ್ತು ಹದಿನೈದು ಸಲ ಎತ್ತಿ ಇಳಿಸಿ. ಮೊದಲೆರಡು ಸಲ ಕುಪ್ಪಳಿಸಿದರೆ ಒಳಗಿನ ಗಾಳಿ ಹೊರಬರುತ್ತಿದೆ ಎಂದು ತಿಳಿಯಿರಿ. ನಿಲ್ಲಿಸಿ, ಮಟ್ಟ ನೋಡಿ, ಕಡಿಮೆಯಾದಷ್ಟು ಹಾಕಿ. ಆಮೇಲೆ ಕಲ್ಟಿವೇಟರ್ ಕಟ್ಟಿ ಒಂದು ಗಂಟೆ ಕೆಲಸ ಮಾಡಿ, ಆಯಿಲ್ ಚೆನ್ನಾಗಿ ಬಿಸಿಯಾದ ಮೇಲೆ ಸುಣ್ಣದ ಗುರುತಿನ ಪರೀಕ್ಷೆಯನ್ನು ಮತ್ತೆ ಮಾಡಿ. ತಂಪಿನಲ್ಲಿ ಪರೀಕ್ಷಿಸಿ ಮೆಕ್ಯಾನಿಕ್‌ಗೆ ಹಣ ಕೊಟ್ಟು ಕಳುಹಿಸಬೇಡಿ, ಊಟ ಹಾಕಿ ಮಧ್ಯಾಹ್ನದವರೆಗೆ ಕೂರಿಸಿಕೊಳ್ಳಿ. ಹತ್ತು ಗಂಟೆಗಳ ಕೆಲಸ ಮುಗಿದ ಮೇಲೆ ಮುಚ್ಚಳದ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ.